ಕೆಳಗಿಂದ ಏರುವ ನೀರು

ಅವರ ಹದಿಮೂರನೆಯ ದಿನದ ಊಟಕ್ಕೆ ಬಂದವರೆಲ್ಲ ಹಾರ ಹಾಕಿದ್ದ ಫೋಟೋದ ಮುಂದೆ ನಿಂತು ಹೆಚ್ಚುಕಮ್ಮಿ ಒಂದೇ ಮಾತಾಡಿದರು. "ಎಷ್ಟು ಲಕ್ಷಣವಾಗಿದಾರೆ ನೋಡಿ. ಮೈಕೈ ತುಂಬ್ಕೊಂಡು, ಕಳೆಕಳೆಯಾಗಿ. ಏನಾಗಿತ್ತು ಪಾಪ?" ಅವರ ತಂಗಿ ಎಲ್ಲರಿಗೂ "ಹಾರ್ಟು" ಎಂದಷ್ಟೇ ಹೇಳಿ ಎಲೆ ಹಾಕಿದ್ದ ಕಡೆಗೆ ಕೈ ತೋರಿಸುತ್ತಿದ್ದಳು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಆ ಫೋಟೋವನ್ನೇ ನೋಡುತ್ತಿದ್ದೆ. ಬಸವೇಶ್ವರನಗರದ ಒಂದು ಛತ್ರದಲ್ಲಿ, ಪರಿಚಯದವರ ಮದುವೆಯಲ್ಲಿ ತೆಗೆದದ್ದು. ಮೈಸೂರು ಸಿಲ್ಕ್ ಸೀರೆ. ಗಲ್ಲ ತುಂಬಿದೆ, ತೋಳು ದುಂಡಗಾಗಿದೆ, ಬಳೆಗಳು ಮಣಿಕಟ್ಟನ್ನು ಒತ್ತಿ ಹಿಡಿದಿವೆ. ಆ ಮದುವೆಗೆ ನಾನೂ ಹೋಗಿದ್ದೆ. ತುಂಬಿಕೊಂಡಿದ್ದು ಮೈಯಲ್ಲ, ನೀರು ಎನ್ನುವುದು ನನಗಂತೂ ಆಗ ಹೊಳೆದಿರಲಿಲ್ಲ. ಅವರಿಗೆ ಗೊತ್ತಿತ್ತು.

ರಾಜಾಜಿನಗರದಲ್ಲಿ ಅವರದು ನಮ್ಮ ಪಕ್ಕದ ಮನೆ. ನಡುವೆ ಎದೆಮಟ್ಟದ ಒಂದು ಕಾಂಪೌಂಡು. ಅದರ ಮೇಲೆ ಅವರು ಕೊಟ್ಟ ಮಾವಿನಮಿಡಿ ಉಪ್ಪಿನಕಾಯಿಯ ಬಟ್ಟಲು, ನಾನು ಕೊಟ್ಟ ಚಟ್ನಿಪುಡಿಯ ಡಬ್ಬಿ ಹೋಗಿ ಬಂದು ಮಾಡುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಅವರು ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಸೇರಿ, ಟ್ರಂಕ್ ಕಾಲ್ ಅನ್ನುವುದೇ ಜಗತ್ತಿನಿಂದ ಮಾಯವಾದ ಮೇಲೂ ಬೇರೆ ಬೇರೆ ಕುರ್ಚಿಗಳಲ್ಲಿ ಕೂತು ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ತಂಗಿಯೂ ಮಾಡಿಕೊಂಡಿರಲಿಲ್ಲ. ತಂಗಿ ಅವರಿಗಿಂತ ಬಹಳ ಚಿಕ್ಕವಳು, ಬ್ಯಾಂಕಿನಲ್ಲಿ ಅಧಿಕಾರಿ, ಇನ್ನೂ ಸರ್ವೀಸಿನಲ್ಲಿದ್ದಾಳೆ. ಮನೆಯಲ್ಲಿ ಅವರಿಬ್ಬರೇ. ತಾಯಿ ಹೋದ ಮೇಲೆ ಅಕ್ಕನೇ ತಾಯಿಯ ಜಾಗಕ್ಕೆ ಬಂದು ಕೂತಿದ್ದರು. ತಂಗಿ ಆಫೀಸಿಗೆ ಹೊರಡುವಾಗ ದಿನವೂ ಗೇಟಿನ ತನಕ ಬಂದು, "ಛತ್ರಿ ತಗೊಂಡ್ಯಾ?" ಎಂದು ಕೇಳುತ್ತಿದ್ದರು. ಬಿರುಬೇಸಿಗೆಯಲ್ಲೂ.

ಅವರನ್ನು ಮೊದಲು ನೋಡಿದವರಿಗೆ ನೆನಪಿನಲ್ಲಿ ಉಳಿಯುತ್ತಿದ್ದದ್ದು ಕಂಠ. ಆಳುದ್ದ, ಕಡ್ಡಿಯಂಥ ದೇಹ. ಅದರಿಂದ ಅಷ್ಟು ದೊಡ್ಡ, ಅಷ್ಟು ಸ್ವಚ್ಛ ಧ್ವನಿ ಹೇಗೆ ಬರುತ್ತದೋ ಅನ್ನಿಸುತ್ತಿತ್ತು. ಎಷ್ಟೇ ಉದ್ದದ ವಾಕ್ಯವಾದರೂ ಒಂದೇ ಉಸಿರಿಗೆ ಮುಗಿಸುತ್ತಿದ್ದರು. ಒಮ್ಮೆ ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಬೆಳಗಿನ ಹೊತ್ತೇ ಬೀಗ ಹಾಕತೊಡಗಿದರು. ಅದರ ಜವಾಬ್ದಾರಿಯ ಅಧಿಕಾರಿಗೆ ಇವರು ಫೋನ್ ಮಾಡಿದರು. ಅವನು ಅದೇನೋ ಟೆಂಡರು, ಅದೇನೋ ಸುತ್ತೋಲೆ ಎಂದು ಎಳೆಯತೊಡಗಿದಾಗ, ಹಿಂದೆ ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದಾಗ ಕೇಳುತ್ತಿದ್ದ ಧಾಟಿಯಲ್ಲೇ, "ಸಾರ್, ಟೈಮ್ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ, ಕಟ್ ಮಾಡ್ಲಾ?" ಎಂದರು. ಆತ ಕಕ್ಕಾಬಿಕ್ಕಿಯಾಗಿರಬೇಕು. ಮರುದಿನ ಬೀಗ ಇರಲಿಲ್ಲ. ಅಂದಿನಿಂದ ಪಾರ್ಕಿನಲ್ಲಿ ವಾಕಿಂಗ್ ಬರುವ ನಾವು ಹೆಂಗಸರಲ್ಲಿ ಯಾರಾದರೂ ಸೊಸೆಯ ಪುರಾಣ ತೆಗೆದರೆ ಉಳಿದವರು, "ಎಕ್ಸ್‌ಟೆಂಡ್ ಮಾಡ್ಲಾ, ಕಟ್ ಮಾಡ್ಲಾ?" ಎನ್ನುವುದು ರೂಢಿಯಾಯಿತು.

ಎಕ್ಸ್‌ಚೇಂಜಿನ ದಿನಗಳ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಒಂದು ಮಾತು ಮಾತ್ರ ಆಗಾಗ ಬರುತ್ತಿತ್ತು. "ಲೈನಲ್ಲಿ ಅಳೋರ ಬಗ್ಗೆ ಹೆದರಿಕೆ ಇಲ್ಲ ಟೀಚರ್. ಕೂಗಾಡೋರ ಬಗ್ಗೆನೂ ಇಲ್ಲ. ಆ ಕಡೆ ಇದ್ದೂ ಸುಮ್ಮನಿರ್ತಾರೆ ನೋಡಿ, ಅವರಿಗೆ ಹೆದರ್ಬೇಕು."

ಪಾರ್ಕಿನಲ್ಲಿ ಯಾವಾಗಲೂ ಮುಂದೆ ಅವರೇ. ನಾವು ಏದುಸಿರು ಬಿಡುತ್ತ ಹಿಂದೆ. ಒಂದು ಚಳಿಗಾಲ, ಮೊದಲ ಸುತ್ತು ಮುಗಿಯುವುದರೊಳಗೆ ಅವರು ನಿಂತು ಶೂ ಲೇಸು ಕಟ್ಟಿಕೊಳ್ಳತೊಡಗಿದರು. "ನೀವು ನಡೀರಿ, ಬರ್ತೀನಿ." ಲೇಸು ದಿನವೂ ಬಿಚ್ಚಿಕೊಳ್ಳುತ್ತಿತ್ತು. ಕೆಲವು ವಾರಗಳಲ್ಲಿ ಶೂ ಹೋಗಿ ಅಗಲವಾದ ರಬ್ಬರ್ ಚಪ್ಪಲಿ ಬಂತು. ಮಂಡಿನೋವು ಎಂದರು. ಸಂಜೆ ಹೊತ್ತು ಕಾಂಪೌಂಡಿನ ಹತ್ತಿರ ನಿಂತು ಮಾತಾಡುವಾಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದರು. ಕಡ್ಡಿಯಂತಿದ್ದವರು ತುಂಬಿಕೊಳ್ಳುತ್ತಿದ್ದರು. ನಮಗೆಲ್ಲ ಖುಷಿ. ನಮ್ಮಲ್ಲಿ ಸಣ್ಣಗಾದವರನ್ನು ಕಂಡರೆ "ಏನಾಯ್ತು?" ಎನ್ನುತ್ತೇವೆ, ದಪ್ಪಗಾದವರನ್ನು ಕಂಡರೆ ಯಾರೂ ಹಾಗೆ ಕೇಳುವುದಿಲ್ಲ. "ರಿಟೈರ್ಮೆಂಟ್ ಒಗ್ಗಿದೆ ನಿಮಗೆ" ಎಂದು ಒಬ್ಬರು. "ತಂಗಿ ಚೆನ್ನಾಗಿ ತುಪ್ಪ ಹಾಕ್ತಿದಾಳೆ" ಎಂದು ಇನ್ನೊಬ್ಬರು. ಹಾಗೆ ಅಂದಾಗಲೆಲ್ಲ ಅವರ ಮುಖದಿಂದ ಏನೋ ಒಂದು ಇಳಿದುಹೋಗುತ್ತಿತ್ತು. ನಾಚಿಕೆ ಎಂದುಕೊಂಡಿದ್ದೆ.

ಬಸವೇಶ್ವರನಗರದ ಆ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನಾನು ಅವರ ಪಕ್ಕ. ಎದುರು ಸಾಲಿನಿಂದ ಅವರ ಹಳೆಯ ಸಹೋದ್ಯೋಗಿಯೊಬ್ಬರು ಎದ್ದು ಬಂದು ಗಲ್ಲ ಹಿಡಿದು, "ಈಗ ನೋಡೋಕೆ ನಿಮ್ಮಮ್ಮನ ಥರಾನೇ ಆಗಿದೀರ ಕಣ್ರೀ. ಕೊನೆಕೊನೆಗೆ ಅವರೂ ಹೀಗೇ ಮೈ ಬಂದಿದ್ರು" ಎಂದರು. ಇವರು ಕಲಸಿಟ್ಟ ಅನ್ನ ಬಿಟ್ಟು ಎದ್ದು ಕೈತೊಳೆಯಲು ಹೋದವರು ಮತ್ತೆ ಎಲೆಗೆ ಬರಲಿಲ್ಲ. ನಾನು ಹುಡುಕಿಕೊಂಡು ಹೋದಾಗ ನಲ್ಲಿಯ ಹತ್ತಿರ ನಿಂತು ಸೋಪಿನ ನೊರೆ ಮಾಡಿಕೊಂಡು ಉಂಗುರ ತೆಗೆಯಲು ಒದ್ದಾಡುತ್ತಿದ್ದರು. ಬೆರಳು ಉಂಗುರದ ಎರಡು ಕಡೆಗೂ ಉಬ್ಬಿತ್ತು. "ಬಿಗಿ ಆಗಿದೆ" ಎಂದರು. ಮತ್ತೇನೂ ಹೇಳಲಿಲ್ಲ. ಆ ಹೊತ್ತಿಗಾಗಲೇ ಫೋಟೋ ತೆಗೆದಾಗಿತ್ತು.

ಮದುವೆಯಾದ ಕೆಲವು ದಿನಗಳಿಗೆ ಪಾರ್ಕಿನ ಬೆಂಚಿನ ಮೇಲೆ ಅವರನ್ನು ಕಂಡೆ. ಬೇರೆಯವರೆಲ್ಲ ಒಂದು ಸುತ್ತು ಮುಂದೆ ಹೋಗಿದ್ದರು. ನನಗೆ ಅಂದು ತಲೆ ಸುತ್ತಿದಂತಾಗಿ ಹಿಂದೆ ಉಳಿದಿದ್ದೆ. ಅವರು ಚೂಡಿದಾರದ ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ, ಕಾಲುಚೀಲವನ್ನು ಕೆಳಗೆ ಜಾರಿಸಿ ಕೂತಿದ್ದರು. ಕಾಲುಚೀಲದ ಅಂಚು ಇದ್ದ ಕಡೆ ಚರ್ಮದ ಮೇಲೆ ಆಳವಾದ ಗೆರೆ. ಕಣಕದ ಉಂಡೆಗೆ ದಾರ ಬಿಗಿದು ಬಿಚ್ಚಿದ ಹಾಗೆ. ಅವರು ಮೊಳಕಾಲಿನ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಒತ್ತಿ ಹಿಡಿದು ಬಿಟ್ಟರು. ಅಲ್ಲೊಂದು ಗುಳಿ ಉಳಿಯಿತು. ಅವರು ಬಾಗಿ ಆ ಗುಳಿಯನ್ನೇ ನೋಡುತ್ತ ಕೂತರು, ಅದು ತುಂಬುವುದನ್ನು ಕಾಯುತ್ತ. ಅದು ತುಂಬಲು ಬಹಳ ಹೊತ್ತು ಹಿಡಿಯಿತು.

ನಾನು ಪಕ್ಕದಲ್ಲಿ ಕೂತಾಗ ಬೆಚ್ಚಿ ಪ್ಯಾಂಟು ಇಳಿಸಿದರು. ಆಮೇಲೆ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತೋ ಏನೋ, ಮೆಲ್ಲಗೆ ಮಾತಾಡಿದರು.

"ಅಮ್ಮನಿಗೂ ಇಲ್ಲಿಂದಲೇ ಶುರುವಾಗಿದ್ದು. ಪಾದ. ಆಮೇಲೆ ಮೀನಖಂಡ. ಆಮೇಲೆ ಹೊಟ್ಟೆ. ಕೆಳಗಿಂದ ಹತ್ತುತ್ತೆ ಟೀಚರ್, ಸಂಪ್ ತುಂಬೋ ಹಾಗೆ. ನಾನೂ ತಂಗೀನೂ ದಿನಾ ನೋಡ್ತಿದ್ವಿ ಎಲ್ಲೀವರೆಗೆ ಬಂತು ಅಂತ. ಕೊನೆಗೆ ಅಮ್ಮ ಮಲಗೋಕೇ ಆಗ್ತಿರ್ಲಿಲ್ಲ. ಕೂತ್ಕೊಂಡೇ... ಮುಳುಗೋರ ಥರ ಕೈ ಆಡಿಸ್ತಿದ್ರು."

"ಆಗ ಡಾಕ್ಟರು ಏನಂದ್ರು?"

"ಮೈಯಲ್ಲಿ ನೀರು ತುಂಬಿದೆ ಅಂದ್ರು. ಅದು ನಮಗೂ ಕಾಣ್ತಿತ್ತಲ್ಲ."

"ನಿಮ್ಮದನ್ನ ತೋರಿಸಿದೀರಾ?"

"ತೋರಿಸಿ ಏನು? ಹೆಸರು ಹೇಳಿಸ್ಕೊಂಡು ಬರ್ಬೇಕಷ್ಟೆ." ಕಾಲುಚೀಲವನ್ನು ಮೇಲಕ್ಕೆಳೆದುಕೊಂಡರು. "ಅಮ್ಮ ಹೋದ ದಿನ ತಂಗಿ ನನ್ನ ತೊಡೆ ಮೇಲೆ ತಲೆ ಇಟ್ಟು, 'ಇದನ್ನ ಇನ್ನೊಂದ್ಸಲ ನೋಡೋಕೆ ನನ್ ಕೈಲಾಗಲ್ಲ ಅಕ್ಕಾ' ಅಂದಿದ್ಲು. ಅವಳಿಗೆ ಹೇಳ್ಬೇಡಿ. ಹೇಳಿದ್ರೆ ನಿಮ್ಮನೆ ಹೊಸಿಲು ತುಳಿಯಲ್ಲ, ತಿಳ್ಕೊಳಿ."

ನಾನು ಆಗಲಿ ಎನ್ನಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದೆ, ಬೇಡಿಕೊಂಡೆ. ಅಷ್ಟರಲ್ಲಿ ಉಳಿದವರು ಸುತ್ತು ಮುಗಿಸಿ ನಗುತ್ತ ಬಂದರು. ಇವರು ಎದ್ದು ನಿಂತು, "ಯಾಕೆ ಇವತ್ತು ಆಮೆ ಥರ?" ಎಂದು ಅವರನ್ನೇ ಗದರಿಸಿದರು.

ಮುಂದಿನ ದಿನಗಳಲ್ಲಿ ನಾನು ಕಾಂಪೌಂಡಿನ ಆಚೆಗೆ ನೋಡುವ ರೀತಿಯೇ ಬದಲಾಯಿತು. ಮೊದಲು ಕಾಣದ್ದೆಲ್ಲ ಕಾಣತೊಡಗಿತು. ಮೆಟ್ಟಿಲು ಹತ್ತಿದವರು ಬಾಗಿಲಿನ ಚೌಕಟ್ಟು ಹಿಡಿದು, ಏನೋ ನೆನಪಿಸಿಕೊಳ್ಳುವವರಂತೆ ನಿಲ್ಲುತ್ತಿದ್ದರು. ಬಟ್ಟೆ ಒಣಹಾಕುವಾಗ ನಡುವೆ ಬಕೆಟ್ಟಿನ ಮೇಲೆ ಕೈಯೂರುತ್ತಿದ್ದರು. ಒಂದು ಮಧ್ಯಾಹ್ನ ಬಟ್ಟಲು ಹಿಂದಿರುಗಿಸಲು ಹೋದಾಗ ಅವರ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ತಲೆಯ ಕಡೆ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ ಇಳಿಜಾರು ಮಾಡಿದ್ದರು. ಮನೆಯಲ್ಲಿದ್ದ ದಿಂಬುಗಳೆಲ್ಲ ಅಲ್ಲಿದ್ದವು. ಸೋಫಾದ ಕುಶನ್‌ಗಳು ಕೂಡ. ಅದು ಮಲಗುವವರ ಹಾಸಿಗೆಯಾಗಿರಲಿಲ್ಲ. ಒರಗಿ ಕೂರುವವರದಾಗಿತ್ತು.

"ಗ್ಯಾಸ್ಟ್ರಿಕ್" ಎಂದರು ನನ್ನ ಕಣ್ಣು ಹೋದ ಕಡೆ ನೋಡಿ. ಆಮೇಲೆ ಬಟ್ಟಲು ತೆಗೆದುಕೊಂಡು, "ಈ ಸಲದ ಮಿಡಿ ಅಷ್ಟು..." ಎಂದು ನಿಂತರು. ಉಸಿರು ಎಳೆದುಕೊಂಡರು. "...ಅಷ್ಟು ಚೆನ್ನಾಗಿಲ್ಲ."

ಅವರ ವಾಕ್ಯ ಮುರಿದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟು ಚಿಕ್ಕ ವಾಕ್ಯ. ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಸೀದಾ ಅವರ ತಂಗಿಯ ಬ್ಯಾಂಕಿಗೆ ಹೋದೆ.

ತಂಗಿ ನನ್ನನ್ನು ಕಂಡು ಕೌಂಟರಿನಿಂದ ಎದ್ದು ಬಂದಳು. ಹೊರಗೆ ಪಾರ್ಕ್ ಮಾಡಿದ್ದ ಸ್ಕೂಟರುಗಳ ನಡುವೆ ನಿಂತು ಹೇಳಿದೆ. ಕಾಲು, ಉಂಗುರ, ದಿಂಬು, ಉಸಿರು, ಎಲ್ಲ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ರಸ್ತೆಯ ಕಡೆ ನೋಡುತ್ತ ಅಂದಳು:

"ನನಗೆ ಗೊತ್ತು ಟೀಚರ್. ಅವಳ ಚಪ್ಪಲಿ ಬದಲಾದಾಗಲೇ ಗೊತ್ತಾಯ್ತು. ಆ ಕಾಲನ್ನ ನಾನು ಮರೀತೀನಾ?"

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಅವಳು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ಲಲ್ಲ. ನಾನು ನೋಡಿಬಿಟ್ಟೆ ಅಂತ ಗೊತ್ತಾದ್ರೆ ಅವಳು ಧೈರ್ಯಗೆಟ್ಟು ಕೂತ್ಬಿಡ್ತಾಳೆ ಅನ್ನಿಸ್ತು. ಕೇಳೋ ತನಕ ಅದು ನಿಜ ಅಲ್ಲ ಅಂತ..." ಅವಳ ಮಾತೂ ಅಲ್ಲಿಗೆ ನಿಂತಿತು.

ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು, ಒಬ್ಬರಿಗಾಗಿ ಒಬ್ಬರು ಏನೂ ಕಾಣದವರಂತೆ ಇದ್ದರು ಅವರು. ನೀರು ತನ್ನ ಪಾಡಿಗೆ ತಾನು ಏರುತ್ತಿತ್ತು.

ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನೂ ಜೊತೆಗೆ ಹೋದೆ. ಆಟೋದಲ್ಲಿ ಅವರು ನನ್ನ ಕಡೆ ತಿರುಗಲೇ ಇಲ್ಲ. ಡ್ಯೂಟಿಯಲ್ಲಿದ್ದದ್ದು ಒಬ್ಬ ಚಿಕ್ಕವಯಸ್ಸಿನ ಡಾಕ್ಟರು, ಮಂಡ್ಯದ ಕಡೆಯ ಹೆಣ್ಣುಮಗಳು. ಕಾಲು ಒತ್ತಿ ನೋಡಿದಳು, ಕತ್ತಿನ ನರ ನೋಡಿದಳು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಹೃದಯದ ಎಕೋ ಸ್ಕ್ಯಾನ್ ಮಾಡಿಸಿದಳು. ನರಕ್ಕೆ ನೀರು ಇಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಮಂಚಕ್ಕೆ ನೇತುಹಾಕಿದ್ದ ಮೂತ್ರದ ಚೀಲ ತುಂಬಿ ತುಂಬಿ ನರ್ಸ್ ಬದಲಾಯಿಸುತ್ತಲೇ ಇದ್ದಳು. ಅಷ್ಟು ನೀರು ಆ ಮೈಯಲ್ಲಿ ಎಲ್ಲಿತ್ತು ಎಂದು ನೋಡಿ ನಮಗೆ ಭಯವಾಯಿತು. ಕೆಲವೇ ದಿನಗಳಲ್ಲಿ ದಿಂಬುಗಳ ನಡುವೆ ಮತ್ತೆ ಆ ಹಳೆಯ ಕಡ್ಡಿ ದೇಹ ಕಾಣಿಸಿತು, ಇನ್ನೂ ಸೊರಗಿ.

ಡಾಕ್ಟರು ಮಂಚದ ಅಂಚಿನಲ್ಲಿ ಕೂತು ವಿವರಿಸಿದಳು. "ಆಂಟಿ, ನಿಮ್ಮ ಹಾರ್ಟು ಮೋಟಾರ್ ಇದ್ದ ಹಾಗೆ. ಅದು ಸೋತಿದೆ. ರಕ್ತ ಸರಿಯಾಗಿ ತಳ್ತಾ ಇಲ್ಲ. ಕಿಡ್ನಿಗೆ ಬರೋದು ಕಮ್ಮಿ ಆಗುತ್ತೆ. ಆಗ ಕಿಡ್ನಿ ಏನಂದ್ಕೊಳುತ್ತೆ? ಮೈಯಲ್ಲಿ ನೀರೇ ಕಮ್ಮಿ ಅಂತ. ನಾಳೆ ಕಾವೇರಿ ನೀರು ಬರಲ್ಲ ಅಂದ್ರೆ ನಾವು ಡ್ರಮ್ಮು ಬಕೆಟ್ಟು ಎಲ್ಲ ತುಂಬಿಸಿಟ್ಕೊಳಲ್ವಾ? ಹಾಗೇ ಅದು ಉಪ್ಪು ನೀರು ಎರಡನ್ನೂ ಹಿಡಿದಿಟ್ಕೊಳುತ್ತೆ. ಇಡೋಕೆ ಜಾಗ ಇಲ್ದೆ ಅದು ಕಾಲಿಗೆ ಇಳಿಯುತ್ತೆ, ಆಮೇಲೆ ಶ್ವಾಸಕೋಶಕ್ಕೆ ಬರುತ್ತೆ."

"ಅಂದ್ರೆ ಕಿಡ್ನಿಗೆ ರಾಂಗ್ ಕಾಲ್ ಹೋಗಿದೆ" ಎಂದರು ಅವರು. ಆಸ್ಪತ್ರೆಗೆ ಬಂದ ಮೇಲೆ ಆಡಿದ ಮೊದಲ ಇಡೀ ವಾಕ್ಯ.

ಡಾಕ್ಟರು ನಕ್ಕಳು. ತಾಯಿಗೂ ಹೀಗೇ ಆಗಿತ್ತು ಎಂದು ತಂಗಿ ಹೇಳಿದಾಗ ಆ ನಗು ನಿಂತಿತು. "ತಾಯಿಗೂ? ಹಾಗಾದ್ರೆ ನೀವೂ ಒಂದ್ಸಲ ಎಕೋ ಮಾಡಿಸ್ಕೊಂಡುಬಿಡಿ. ಕೆಲವು ಮನೆಗಳಲ್ಲಿ ಇದು ರಕ್ತದಲ್ಲೇ ಬರುತ್ತೆ." ಆಮೇಲೆ ಅಕ್ಕನ ಕಡೆ ತಿರುಗಿ, "ನಿಮ್ಮಮ್ಮನ ಕಾಲದಲ್ಲಿ ಇಲ್ಲದ ಮಾತ್ರೆಗಳು ಈಗಿವೆ. ಮುಂಚೆಯೇ ಬಂದಿದ್ರೆ ಇನ್ನೂ ಒಳ್ಳೇದಿತ್ತು" ಎಂದಳು. ಅವರು ಸೀಲಿಂಗ್ ನೋಡುತ್ತಿದ್ದರು. ಹೆಸರು ಹೇಳಿಸಿಕೊಂಡು ಬರುವುದಷ್ಟೇ ಅಲ್ಲ, ಬದುಕುವ ದಾರಿಯೂ ಒಂದಿತ್ತು ಎಂಬುದು ಆಗ ಅವರಿಗೆ ತಿಳಿಯಿತು. ಅದು ಸಂತೋಷ ಕೊಡುವ ತಿಳಿವಾಗಿರಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಜೊತೆ ಮಾತಿಲ್ಲ. ಕಾಂಪೌಂಡಿನ ಮೇಲೆ ನಾನಿಟ್ಟ ಡಬ್ಬಿ ಅಲ್ಲೇ ಬಿಸಿಲಿಗೆ ಕಾಯುತ್ತಿತ್ತು. ಕೊನೆಗೊಂದು ದಿನ ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವಾಗ ಹಿತ್ತಲ ಬಾಗಿಲು ಕಿರ್ ಎಂದಿತು. ತಿರುಗಿದರೆ ಅವರು.

"ಹೊಸಿಲು ತುಳಿಯಲ್ಲ ಅಂದಿದ್ದೆ. ಮಾತು ಅಂದ್ರೆ ಮಾತು. ಅದಕ್ಕೇ ಈ ಕಡೆಯಿಂದ ಬಂದೆ." ಸ್ಟೂಲ್ ಎಳೆದುಕೊಂಡು ಕೂತರು. "ಉಪ್ಪಿಲ್ಲದ ಸಾರು ಹೇಗೆ ಮಾಡೋದು ಹೇಳಿಕೊಡಿ. ನಾನು ಮಾಡಿದ್ದನ್ನ ಕಾಗೇನೂ ಮುಟ್ತಿಲ್ಲ."

ಆಮೇಲೆ ಕೊನೆಯ ತನಕ ಅವರು ನಮ್ಮ ಮನೆಗೆ ಬಂದದ್ದು ಹಿತ್ತಲ ಬಾಗಿಲಿನಿಂದಲೇ.

ಆ ವರ್ಷ ಅವರು ಚೆನ್ನಾಗಿದ್ದರು. ಹುಣಿಸೆ, ನಿಂಬೆ, ಇಂಗು, ಕಾಳುಮೆಣಸು ಎಂದು ಏನೇನೋ ಹಾಕಿ ನಾವಿಬ್ಬರೂ ನಾಲಿಗೆಗೆ ಮೋಸ ಮಾಡುವ ಅಡುಗೆಗಳನ್ನು ಕಂಡುಹಿಡಿದೆವು. ಬೆಳಿಗ್ಗೆ ಎದ್ದ ಕೂಡಲೇ ತೂಕದ ಮಷಿನ್ ಹತ್ತುತ್ತಿದ್ದರು. "ಊಟದಿಂದ ರಾತ್ರೋರಾತ್ರಿ ದಪ್ಪ ಆಗಲ್ಲ ಟೀಚರ್. ತೂಕ ದಿಢೀರ್ ಅಂತ ಏರಿದ್ರೆ ಅದು ನೀರೇ" ಎನ್ನುತ್ತಿದ್ದರು. ಪಾರ್ಕಿಗೆ ಮತ್ತೆ ಬಂದರು. ಈಗ ಮುಂದೆ ಹೋಗುತ್ತಿರಲಿಲ್ಲ. ಬೆಂಚಿನಲ್ಲಿ ಕೂತು, ಹಾದುಹೋದವರನ್ನೆಲ್ಲ ಕರೆದು, "ಕಾಲು ಕೊಡಿ ಇಲ್ಲಿ" ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಮೊದಮೊದಲು ಎಲ್ಲರಿಗೂ ತಮಾಷೆ. ಆಮೇಲಾಮೇಲೆ ಕೆಲವರು ಆ ಬೆಂಚಿನ ದಾರಿ ತಪ್ಪಿಸತೊಡಗಿದರು. ಅವರು ಹೆಬ್ಬೆರಳು ತೆಗೆದ ಕೂಡಲೇ ಗುಳಿ ಬಿದ್ದಿದೆಯೋ ಎಂದು ಎಲ್ಲರೂ ಬಗ್ಗಿ ನೋಡುತ್ತಿದ್ದರು. ಮಹಾಲಕ್ಷ್ಮಿ ಲೇಔಟಿನಿಂದ ಬರುತ್ತಿದ್ದ ಒಬ್ಬರ ಕಾಲಿನಲ್ಲಿ ಗುಳಿ ಬಿತ್ತು. ಆಕೆ ಅಳುತ್ತಲೇ ಡಾಕ್ಟರ ಹತ್ತಿರ ಹೋದರು. ಹೊಸದಾಗಿ ಕೊಟ್ಟಿದ್ದ ಬಿ.ಪಿ. ಮಾತ್ರೆಯಿಂದ ಆಗಿದ್ದು, ಮಾತ್ರೆ ಬದಲಾಯಿಸಿದರು, ಇಳಿಯಿತು. "ಎಲ್ಲ ಊತಾನೂ ನನ್ನ ಊತ ಅಲ್ಲ. ಆದ್ರೆ ಯಾವುದು ಅಂತ ಕಾಲು ಹೇಳಲ್ಲ, ಡಾಕ್ಟರನ್ನೇ ಕೇಳ್ಬೇಕು" ಎಂದರು ಇವರು.

ಒಂದು ಬೆಳಿಗ್ಗೆ ಅದೇ ಬೆಂಚಿನ ಕೊನೆಗೆ ಒಬ್ಬ ಹುಡುಗಿ ಕೂಸನ್ನು ಎತ್ತಿಕೊಂಡು ಬಂದು ಕೂತಳು. ವಿಜಯಪುರದ ಕಡೆಯವಳು. ಗಂಡ ಬೈಕಿನಲ್ಲಿ ಊಟ ತಲುಪಿಸುವ ಕೆಲಸ. ಕುರುಬರಹಳ್ಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಹೆರಿಗೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಅವಳು ಕುಂಟುತ್ತ ಬಂದದ್ದನ್ನು ಇವರು ನೋಡಿದ್ದರು.

"ಯಾವ ಕಾಲು?"

"ಈ ಎಡಗಾಲ ರೀ. ನಿನ್ನಿಯಿಂದ ಬಾತೈತ್ರಿ, ಭಾಳ ನೋಯ್ತೈತಿ. ಬಾಣಂತಿ ಕಾಲು ಬಾಯೂದು ಸಹಜ ಐತಂತ ನಮ್ಮವ್ವ ಫೋನಿನ್ಯಾಗ ಹೇಳ್ಯಾಳ್ರಿ."

ಇವರು ಒತ್ತಲಿಲ್ಲ. ಎರಡೂ ಕಾಲಿನ ಮೇಲೆ ಒಂದೊಂದು ಅಂಗೈ ಇಟ್ಟು ನೋಡಿದರು. ಎಡಗಾಲು ಕೆಂಪಾಗಿತ್ತು, ಬಿಸಿಯಾಗಿತ್ತು, ಇನ್ನೊಂದಕ್ಕಿಂತ ಎಷ್ಟೋ ದಪ್ಪಗಿತ್ತು.

"ಟೀಚರ್, ಆಟೋ ನಿಲ್ಲಿಸಿ" ಎಂದರು. ಆ ಹಳೆಯ ಧ್ವನಿ. ಪಾರ್ಕಿಗೆಲ್ಲ ಕೇಳಿಸಿತು. "ಎರಡೂ ಕಾಲು ಬಾತ್ರೆ ಒಂದು ಮಾತು. ಒಂದೇ ಕಾಲು, ಬಿಸಿ, ನೋವು ಅಂದ್ರೆ ಮನೆಗೆ ಹೋಗೋ ಹಾಗೇ ಇಲ್ಲ. ಆಸ್ಪತ್ರೇಲಿ ನನಗೆ ಎದುರು ಮಂಚದಲ್ಲಿ ಒಬ್ಬಳಿದ್ಲು, ಹೀಗೇ ಒಂದೇ ಕಾಲು."

ಎದುರು ಮಂಚದವಳಿಗೆ ಏನಾಯಿತೆಂದು ಅವರು ಹೇಳಲಿಲ್ಲ, ಹುಡುಗಿಯೂ ಕೇಳಲಿಲ್ಲ. ಕೂಸನ್ನು ನಾನು ಎತ್ತಿಕೊಂಡೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಅದು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಕೂಸು ತಬ್ಬಲಿಯಾಗುತ್ತಿತ್ತು ಎಂದು ಡಾಕ್ಟರು ಅವಳ ಗಂಡನಿಗೆ ಹೇಳುತ್ತಿದ್ದಾಗ ಆತ ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದ. ಹುಡುಗಿ ಉಳಿದಳು. ಆಮೇಲೆ ಆ ಕೂಸು ವಾರಕ್ಕೊಮ್ಮೆಯಾದರೂ ಇವರ ಮಡಿಲಿಗೆ ಬರುತ್ತಿತ್ತು.

ಇವೆಲ್ಲದರ ನಡುವೆ ಅವರಿಗೆ ಒಂದೇ ಕೊರಗು. ತಂಗಿ ಎಕೋ ಮಾಡಿಸಿಕೊಳ್ಳಲಿಲ್ಲ. "ಕ್ಲೋಸಿಂಗ್ ಮುಗೀಲಿ", "ಆಡಿಟ್ ಮುಗೀಲಿ", "ಹಬ್ಬ ಕಳೀಲಿ". ಇವರು ಬೈದರು, ಊಟ ಬಿಟ್ಟರು, ನನ್ನಿಂದ ಹೇಳಿಸಿದರು. ತಂಗಿ ನಕ್ಕು, "ಮೊದ್ಲು ನೀನು ಸರಿಹೋಗು" ಎನ್ನುತ್ತಿದ್ದಳು. ಆ ಮಾತು ಬಂದರೆ ಇವರು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ತಾನೂ ಹಿಂದೆ ಹೀಗೇ ಅಲ್ಲವೇ ಇದ್ದದ್ದು ಎಂದು ಅವರಿಗೆ ಅನ್ನಿಸುತ್ತಿದ್ದಿರಬೇಕು.

ಬೇಸಿಗೆ ಬಂತು. ನಮ್ಮ ಬಡಾವಣೆಯಲ್ಲಿ ನಲ್ಲಿಗಳು ಒಣಗಿ, ಟ್ಯಾಂಕರುಗಳು ಗಲ್ಲಿಗಲ್ಲಿಗೆ ನುಗ್ಗಿದವು. ಡಾಕ್ಟರು ಅವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುನಿಟ್ಟು ಮಾಡಿದ್ದರು. ಒಂದು ಬಾಟಲಿಯಲ್ಲಿ ಅಳತೆ ಮಾಡಿಟ್ಟುಕೊಂಡು, ಬಾಯಾರಿದಾಗ ಸಣ್ಣ ಐಸ್ ತುಂಡೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು, ವರಾಂಡದಲ್ಲಿ ಕೂತು, ಟ್ಯಾಂಕರಿನ ಪೈಪಿನಿಂದ ಸಂಪಿಗೆ ನೀರು ಬೀಳುವ ಸದ್ದು ಕೇಳುತ್ತಿದ್ದರು. ಒಂದು ಹನಿ ಹೆಚ್ಚು ಕುಡಿಯಲಿಲ್ಲ. ಒಂದು ಕಲ್ಲುಪ್ಪು ಹೆಚ್ಚು ತಿನ್ನಲಿಲ್ಲ. ಮಾತ್ರೆ ತಪ್ಪಿಸಲಿಲ್ಲ. ಆದರೂ ತೂಕ ಏರತೊಡಗಿತು. ಅವರು ಯಾವ ತಪ್ಪನ್ನೂ ಮಾಡದೆಯೇ ಅದು ಮತ್ತೆ ಬಂತು.

ಈ ಸಲ ಅವರು ಮುಚ್ಚಿಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲೇ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದೆ. ತಂಗಿ ಪೇಪರ್ ಓದುತ್ತಿದ್ದಳು. ಇವರು ಕಾಲನ್ನು ಬೆತ್ತದ ಸ್ಟೂಲಿನ ಮೇಲೆ ಚಾಚಿ, "ಬಾರೇ ಇಲ್ಲಿ. ಕಾಲು ಒತ್ತು" ಎಂದರು.

"ನೋವಾ ಅಕ್ಕಾ?" ತಂಗಿ ಪಾದ ಹಿಡಿಯಲು ಬಂದಳು.

"ಆ ಒತ್ತೋದಲ್ಲ ಕಣೇ."

ತಂಗಿಯ ಕೈ ಅಲ್ಲೇ ನಿಂತಿತು. ಇವರು ಅವಳ ಹೆಬ್ಬೆರಳನ್ನು ತಾವೇ ಹಿಡಿದು ಎಲುಬಿನ ಮೇಲಿಟ್ಟು ಒತ್ತಿಸಿದರು. ತೆಗೆದಾಗ ಗುಳಿ ಇತ್ತು. ಮೂವರೂ ಅದನ್ನೇ ನೋಡುತ್ತ ಕೂತೆವು. ನನ್ನ ಮಡಿಲಿನಿಂದ ಅಲಸಂದೆಕಾಳು ಉರುಳಿ ಹೋಗುತ್ತಿದ್ದವು.

"ಈ ಸಲ ನೋಡ್ತೀಯಾ?" ಎಂದರು. "ಆಗಲ್ಲ ಅಂದ್ರೆ ಹೇಳು. ನಾನು ಆಸ್ಪತ್ರೇಲೇ ಇರ್ತೀನಿ. ಟೀಚರ್ ಬಂದು ಹೋಗಿ ಮಾಡ್ತಾರೆ."

ತಂಗಿ ನೆಲದ ಮೇಲೆ ಕೂತಳು. ಅಕ್ಕನ ಕಾಲೆರಡನ್ನೂ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. "ನೋಡ್ತೀನಿ" ಎಂದಳು.

ನೋಡಿದಳು. ರಜೆ ಹಾಕಿ, ಕೂದಲು ಬಾಚಿ, ಬೆನ್ನಿಗೆ ತನ್ನ ಎದೆಯನ್ನೇ ಆಸರೆ ಕೊಟ್ಟು ಕೂರಿಸಿಕೊಂಡು. ಆಸ್ಪತ್ರೆಗೆ ಹೋಗುವುದು, ನೀರು ತೆಗೆಸುವುದು, ಬರುವುದು, ಮತ್ತೆ ಹೋಗುವುದು. ಪ್ರತಿ ಸಲ ಇಳಿಯುವುದು ಕಡಿಮೆ, ಏರುವುದು ಬೇಗ. ಕೊನೆಯ ವಾರಗಳಲ್ಲಿ ಅವರ ಮಾತು ಎರಡೆರಡು ಶಬ್ದಕ್ಕೆ ಬಂದಿತ್ತು. ನಾನು ಹೋದಾಗ, "ಬಂದ್ರಾ... ಟೀಚರ್" ಎನ್ನುವುದಕ್ಕೇ ದಣಿದು ಕಣ್ಣು ಮುಚ್ಚುತ್ತಿದ್ದರು. ಒಂದು ಸಲ ಮಾತ್ರ ನನ್ನ ಕೈ ಹಿಡಿದು, ತಂಗಿ ಔಷಧಿಗೆಂದು ಹೊರಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, "ಅವಳ... ಎಕೋ" ಎಂದರು. ಉಸಿರು ಎಳೆದುಕೊಂಡು, "ಎಳ್ಕೊಂಡು... ಹೋಗಿ" ಎಂದರು. ಕೊಟ್ಟ ಕೆಲಸ ಅದೊಂದೇ. ಆ ವಾರದ ಕೊನೆಗೆ ಒಂದು ಬೆಳಿಗ್ಗೆ, ತಂಗಿಯ ತೋಳಿನಲ್ಲಿ ಕೂತಂತೆಯೇ ಹೋದರು.

ಕರ್ಮಗಳು ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ತಂಗಿಯ ಹಿಂದೆ ಬಿದ್ದೆ. ಅವಳು ಈ ಸಲ ನೆಪ ಹೇಳಲಿಲ್ಲ. ಅದು ನನಗೆ ಇನ್ನೂ ಹೆದರಿಕೆ ತಂದಿತು. ವಿಜಯನಗರದ ಒಂದು ಸ್ಕ್ಯಾನಿಂಗ್ ಸೆಂಟರಿ‌ಗೆ ಹೋದೆವು. ಹೊರಗೆ ಕುರ್ಚಿಗಳ ಸಾಲಿನಲ್ಲಿ ನಾನು ಅವಳ ಬ್ಯಾಗು ಹಿಡಿದುಕೊಂಡು ಕೂತೆ. ಅವಳಿಗಿಂತ ಮುಂಚೆ ಹೋದವರೆಲ್ಲ ಬೇಗ ಬೇಗ ಬಂದಿದ್ದರು. ಅವಳು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೌಂಟರಿನ ಹುಡುಗಿ ತಲೆ ಹೊರಗೆ ಹಾಕಿ, "ಇವರ ಜೊತೆ ಬಂದಿರೋರು ಯಾರು? ಡಾಕ್ಟರ್ ಒಳಗೆ ಕರೀತಿದಾರೆ" ಎಂದಳು.

ಅಕ್ಕನದೇ ಕಾಯಿಲೆ. ಇನ್ನೂ ಶುರು. ಕಾಲಿಗೆ ನೀರು ಇಳಿಯುವ ಮುಂಚೆಯೇ ಗೊತ್ತಾದದ್ದು ಅದೃಷ್ಟ, ಇಂದಿನಿಂದಲೇ ಮಾತ್ರೆ ಶುರುಮಾಡಿದರೆ ಬಹಳ ವರ್ಷ ಹಿಡಿದಿಡಬಹುದು ಎಂದು ಡಾಕ್ಟರು ನಮ್ಮಿಬ್ಬರಿಗೂ ನಿಧಾನವಾಗಿ ಹೇಳಿದರು. ಅವಳು ಎಲ್ಲಕ್ಕೂ ತಲೆಯಾಡಿಸಿದಳು, ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಹೊರಗೆ ಬಂದ ಮೇಲೆ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಮೇಲೆ ಮೆಟ್ರೋ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಅಂದಳು:

"ಅಕ್ಕ ಇದ್ದಿದ್ರೆ ಇದನ್ನ ಅವಳಿಂದ ಮುಚ್ಚಿಡ್ತಿದ್ದೆ ಟೀಚರ್. ಈಗ ಯಾರಿಂದ ಮುಚ್ಚಿಡ್ಲಿ?"